ಮೊದಲು ಬಕೆಟ್, ಆಮೇಲೆ ನೇತ್ರಾಣಿ

ನನ್ನ ಹಳೇ ಕ್ಯಾಮೆರಾ ಸತ್ತದ್ದು ಒಂದು ಕೂದಲಿನಿಂದ. ನೀರೊಳಗೆ ಫೋಟೋ ತೆಗೆಯಲು ಕ್ಯಾಮೆರಾ ಇಡುವ ಡಬ್ಬಿಗೆ ಹೌಸಿಂಗ್ ಅನ್ನುತ್ತಾರೆ. ಅದನ್ನು ಮುಚ್ಚುವಾಗ ಕೂದಲು ಬಾಗಿಲಿನ ರಬ್ಬರ್ ಬಳೆಯ, ಅಂದರೆ ಓ-ರಿಂಗ್ ಮೇಲೆ ಬಿದ್ದಿತ್ತು, ನಾನು ನೋಡಿರಲಿಲ್ಲ. ಮುರುಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪದಲ್ಲಿ ಡೈವ್ ಮಾಡಲು ದೋಣಿಯಿಂದ ಇಳಿದು ಇನ್ನೂ ಎರಡು ಮೀಟರ್ ಆಗಿರಲಿಲ್ಲ, ಕಿಟಕಿಯ ಹಿಂದೆ ನೀರು ತುಳುಕಾಡುವುದು ಕಾಣಿಸಿತು. ಉಪ್ಪುನೀರು ಕುಡಿದ ಕ್ಯಾಮೆರಾ ಮತ್ತೆ ಏಳಲಿಲ್ಲ.

ಹಾಗಾಗಿ ಹೊಸ ಹೌಸಿಂಗ್ ಬಂದಾಗ ಒಂದು ವಾರ ಅದರೊಳಗೆ ಕ್ಯಾಮೆರಾ ಇಡಲೇ ಇಲ್ಲ.

ಮೊದಲ ಕೆಲಸ ಓ-ರಿಂಗ್. ಕುಕ್ಕರ್ ಗ್ಯಾಸ್ಕೆಟ್‌ನ ತೆಳ್ಳಗಿನ ತಮ್ಮ ಅಂದುಕೊಳ್ಳಿ. ತೆಗೆಯಲು ಪಿನ್ನು, ಚಾಕು ಬೇಡವೇ ಬೇಡ. ಎರಡು ಬೆರಳಿನಿಂದ ಒತ್ತಿ ಜರುಗಿಸಿದರೆ ಒಂದು ಕಡೆ ಉಬ್ಬುತ್ತದೆ, ಅಲ್ಲಿ ಹಿಡಿದು ಎತ್ತಬೇಕು. ಕಣ್ಣು ಮುಚ್ಚಿ ಬೆರಳ ನಡುವೆ ಎಳೆದರೆ ಒಂದು ಮರಳಿನ ಕಣವಿದ್ದರೂ ತಿಳಿಯುತ್ತದೆ. ಆಮೇಲೆ ಅರ್ಧ ಅಕ್ಕಿಕಾಳಿನಷ್ಟು ಗ್ರೀಸ್. ನೀರು ತಡೆಯುವುದು ಗ್ರೀಸ್ ಅಲ್ಲ, ರಬ್ಬರ್. ಗ್ರೀಸ್ ಇರುವುದು ರಬ್ಬರ್ ತಿರುಚಿಕೊಳ್ಳದೆ ಕೂರಲಿ ಅಂತ ಮಾತ್ರ. ಜಾಸ್ತಿ ಬಳಿದರೆ ಧೂಳು, ಕೂದಲು ಎಲ್ಲ ಅಂಟುತ್ತವೆ.

ಅಮ್ಮ ನೋಡಿ, "ಕೊಬ್ಬರಿ ಎಣ್ಣೆ ಆಗಲ್ವೇನೋ?" ಅಂದರು. ಆಗಲ್ಲ. ಹೌಸಿಂಗ್ ಜೊತೆ ಕೊಟ್ಟ ಗ್ರೀಸನ್ನೇ ಹಚ್ಚಬೇಕು. ಸಿಲಿಕೋನ್ ರಿಂಗಿಗೆ ಸಿಲಿಕೋನ್ ಗ್ರೀಸ್ ಹಚ್ಚಿದರೂ ಅದು ಉಬ್ಬಿಕೊಳ್ಳುವುದುಂಟು.

ಮುಂದಿನದು ಬಕೆಟ್. ಖಾಲಿ ಹೌಸಿಂಗ್ ಒಳಗೆ ಟಿಶ್ಯೂ ಪೇಪರ್ ಮಡಚಿಟ್ಟು ಮುಚ್ಚಿದೆ. ಹನಿ ಬಿದ್ದರೂ ಟಿಶ್ಯೂ ಹೇಳಿಬಿಡುತ್ತದೆ. ಖಾಲಿ ಡಬ್ಬಿ ಮುಳುಗುತ್ತದೆಯೇ? ತೇಲುತ್ತಲೇ ಇತ್ತು. ಈರುಳ್ಳಿಯ ಬಲೆಚೀಲದಲ್ಲಿ ಹಾಕಿ, ಜೊತೆಗೆ ರುಬ್ಬುವ ಗುಂಡು ಕಟ್ಟಿ ಇಳಿಸಿದೆ. ಒಳಗಿದ್ದಾಗಲೇ ಒಂದೊಂದು ಗುಂಡಿಯನ್ನೂ ಹತ್ತು ಸಲ ಒತ್ತಿದೆ, ಏಕೆಂದರೆ ಪ್ರತಿ ಗುಂಡಿಗೂ ಒಂದು ಪುಟ್ಟ ಓ-ರಿಂಗ್ ಇರುತ್ತದೆ.

ಅರ್ಧ ಗಂಟೆ ಬಿಟ್ಟು ತೆಗೆದರೆ ಟಿಶ್ಯೂವಿನ ಒಂದು ಮೂಲೆ ಒದ್ದೆ! ಎದೆ ಧಸಕ್ಕೆಂದಿತು. ವಾಪಸ್ ಕಳಿಸುವುದೇ ಅಂದುಕೊಂಡು ಬಾಗಿಲನ್ನು ಟಾರ್ಚ್ ಹಿಡಿದು ನೋಡಿದೆ. ಟಿಶ್ಯೂವಿನ ಅಂಚೇ ಓ-ರಿಂಗ್ ದಾಟಿ ಹೊರಗೆ ಬಂದಿತ್ತು. ದೀಪದ ಬತ್ತಿ ಎಣ್ಣೆ ಎಳೆದ ಹಾಗೆ ನೀರನ್ನು ಅದೇ ಒಳಗೆ ಎಳೆದಿದೆ. ಪರೀಕ್ಷೆ ಮಾಡಲು ಇಟ್ಟದ್ದೇ ಕಳ್ಳ. ಟಿಶ್ಯೂ ಚಿಕ್ಕದಾಗಿ ಮಡಚಿ ಮತ್ತೆ ಮುಳುಗಿಸಿದೆ. ಈ ಸಲ ಗರಿಗರಿಯಾಗಿ ಹೊರಬಂತು.

"ಬಕೆಟ್‌ನಲ್ಲಿ ಒತ್ತಡ ಎಲ್ಲಿರುತ್ತೆ?" ಅಂತ ಗೆಳೆಯ ನಕ್ಕ. ನಿಜವೇ. 10 ಮೀಟರ್ ಆಳದಲ್ಲಿ ಪ್ರತಿ ಚದರ ಸೆಂಟಿಮೀಟರಿಗೆ ಹೆಚ್ಚುಕಡಿಮೆ ಒಂದು ಕೆಜಿ ಭಾರ ಬೀಳುತ್ತದೆ. ನನ್ನ ಹೌಸಿಂಗ್ ಬಾಗಿಲು 14 ಸೆಂಟಿಮೀಟರ್ ಉದ್ದ, 10 ಅಗಲ. ಅಂದರೆ 140 ಕೆಜಿ. ಬಕೆಟ್‌ನಲ್ಲಿ ನಾಲ್ಕೇ ಕೆಜಿ. ಆದರೆ ಆ 140 ಕೆಜಿ ಬಾಗಿಲನ್ನು ರಿಂಗ್ ಮೇಲೆ ಬಿಗಿಯಾಗಿ ಒತ್ತುತ್ತದೆ. ಮೇಲುನೀರಿನಲ್ಲಿ ಆ ಬಿಗಿ ಇಲ್ಲ. ಅದಕ್ಕೇ ಕೂದಲು, ಮರಳಿನ ಸೋರಿಕೆ ಎಷ್ಟೋ ಸಲ ಮೊದಲ ಒಂದೆರಡು ಮೀಟರಿನಲ್ಲೇ ಶುರುವಾಗುತ್ತದೆ. ನನ್ನ ಹಳೇ ಕ್ಯಾಮೆರಾಗೂ ಅದೇ ಆಗಿತ್ತಲ್ಲ. ಬಿರುಕು ಅಥವಾ ತಯಾರಿಕೆಯ ದೋಷ ಮಾತ್ರ ಬಕೆಟ್‌ಗೆ ಸಿಗದೆ ಹೋಗಬಹುದು. ಅದಕ್ಕೆ ಸಮುದ್ರವೇ ಬೇಕು.

ಮುರುಡೇಶ್ವರದಲ್ಲಿ ಹಿಂದಿನ ರಾತ್ರಿಯೇ ಎಸಿ ರೂಮಿನಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಮುಚ್ಚಿದೆ. ದಡದ ಹಸಿ ಗಾಳಿ ಒಳಗೆ ಸಿಕ್ಕಿಕೊಂಡರೆ ಕಿಟಕಿ ಮಂಜಾಗುತ್ತದೆ. ದೋಣಿಯಲ್ಲಿ ಒದ್ದೆ ಟವೆಲ್ ಸುತ್ತಿ ನೆರಳಲ್ಲಿಟ್ಟಿದ್ದೆ. ಮೊದಲ ಡೈವ್‌ಗೆ ಮತ್ತೆ ಟಿಶ್ಯೂ, ಕ್ಯಾಮೆರಾ ಇಲ್ಲ. ಅಕ್ಕಪಕ್ಕದವರೆಲ್ಲ ಮೀನಿನ ಫೋಟೋ ತೆಗೆಯುವಾಗ ನಾನು ಖಾಲಿ ಡಬ್ಬಿ ಹಿಡಿದು ಕೂತಿದ್ದೆ. ಎರಡನೇ ಡೈವ್‌ಗೆ ಮೊದಲು ಹೌಸಿಂಗ್ ಪೂರ್ತಿ ಒರೆಸಿ, ಬಾಗಿಲು ಕೆಳಮುಖ ಮಾಡಿ ತೆರೆದೆ. ಅಂಚಿನ ಹನಿ ಹೊರಗೆ ಬಿತ್ತು. ಟಿಶ್ಯೂ ಒಣಗಿತ್ತು. ಕ್ಯಾಮೆರಾ ಇಟ್ಟು, ರಿಂಗ್ ಮೇಲೆ ಒಂದು ಸಲ ಬೆರಳಾಡಿಸಿ ಮುಚ್ಚಿದೆ.