ಕರ್ಣಕುಂಡಲದ ಬೀಜ ಹಿಡಿಯೋದು ಹೇಗೆ?

ಶ್ರಾವಣ ಬಂತೆಂದರೆ ಕಲಘಟಗಿ, ಅಳ್ನಾವರದ ಕಡೆ ರಸ್ತೆ ಪಕ್ಕದ ತಗ್ಗುಗಳಲ್ಲಿ ಕರ್ಣಕುಂಡಲ ಅರಳುತ್ತದೆ. ಅದನ್ನು ಬೇರು ಸಮೇತ ಕಿತ್ತು ತರುವವರೇ ಜಾಸ್ತಿ. ಧಾರವಾಡ ಮುಟ್ಟುವಷ್ಟರಲ್ಲಿ ಗಿಡ ಜೋತುಬಿದ್ದಿರುತ್ತದೆ. ದಂಟಿನ ತುಂಬ ನೀರು, ಬೇರಿಗೆ ಆಳವಿಲ್ಲ, ಹೇಗೆ ಬದುಕೀತು? ಗಿಡ ಅಲ್ಲೇ ಇರಲಿ. ನಾಲ್ಕೈದು ಕಾಯಿ ತಂದರೆ ಅಂಗಳಕ್ಕೆ ಸಾಕು.

ಎಲ್ಲರೂ ಎಡವುವುದು ಈ ಕಾಯಿಯಲ್ಲೇ. ಗಟ್ಟಿ ಹಸಿರು ಕಾಯಿ ಕಿತ್ತರೆ ಒಳಗೆ ಬಿಳಿ ಬೀಜ, ಅದು ಮೊಳೆಯುವುದಿಲ್ಲ. ಬಲಿತದ್ದನ್ನು ಬೆರಳ ತುದಿಯಲ್ಲಿ ಹಿಡಿದರೆ ಟಪ್ ಅಂತ ಸಿಡಿದು ಬೀಜವೆಲ್ಲ ಹುಲ್ಲಿನ ಪಾಲು. ರೋಮ ತುಂಬಿದ ಕಾಯಿಯ ನಡು ಚೆನ್ನಾಗಿ ಉಬ್ಬಿ, ಹಸಿರು ತಿಳಿಯಾಗಿ ಹಳದಿಗೆ ತಿರುಗುವವರೆಗೆ ಕಾಯಿರಿ. ಆಗಲೂ ತೊಟ್ಟು ಜಗ್ಗಬೇಡಿ. ಮೊದಲು ಇಡೀ ಕಾಯಿಯನ್ನು ಮುಷ್ಟಿಯೊಳಗೆ ಮುಚ್ಚಿಕೊಳ್ಳಿ, ಆಮೇಲೆ ಮೆಲ್ಲಗೆ ಒತ್ತಿ. ಐದು ಸಿಪ್ಪೆಗಳು ಸುರುಳಿ ಸುತ್ತಿಕೊಳ್ಳುವಾಗ ಅಂಗೈಯಲ್ಲಿ ಕಚಗುಳಿ ಆಗುತ್ತದೆ. ಮುಷ್ಟಿ ಬಿಚ್ಚಿದರೆ ಕಂದು ಬಣ್ಣದ ದುಂಡು ಬೀಜ. ಮನೆಯ ಗಿಡವಾದರೆ ಹಳೇ ಪಂಚೆಯ ತುಂಡನ್ನು ಕಾಯಿಗಳಿಗೆ ಸಡಿಲವಾಗಿ ಕಟ್ಟಿಬಿಡಿ. ಪ್ಲಾಸ್ಟಿಕ್ ಬೇಡವೇ ಬೇಡ, ಒಳಗೆ ಬೆವರಿ ಬೂಸ್ಟು ಹಿಡಿಯುತ್ತದೆ.

ಬೀಜವನ್ನು ನೆರಳಲ್ಲಿ ಒಣಗಿಸಿ ಕಾಗದದ ಪೊಟ್ಟಣದಲ್ಲಿಡಿ.

ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಬೀಜ ಉದುರಿಸಿ, ಮೇಲೆ ತೆಳ್ಳಗೆ ಮಣ್ಣು ಹರಡಿ. ವಾರ, ಹತ್ತು ದಿನದಲ್ಲಿ ಮೊಳಕೆ ಬರುತ್ತದೆ. ಮಸಾರಿ, ಅಂದರೆ ಕೆಂಪು ಮಣ್ಣಾದರೆ ಮತ್ತೇನೂ ಮಾಡಬೇಕಿಲ್ಲ. ಗದಗ, ನವಲಗುಂದದ ಎರೆ, ಅಂದರೆ ಕಪ್ಪು ಮಣ್ಣಾದರೆ ಮರಳು, ಕೊಟ್ಟಿಗೆ ಗೊಬ್ಬರ ಬೆರೆಸಿ ಮಡಿಯನ್ನು ನೆಲಕ್ಕಿಂತ ಎತ್ತರಿಸಿ. ಈ ಗಿಡಕ್ಕೆ ತೇವ ಬೇಕು ನಿಜ, ಆದರೆ ನೀರು ನಿಂತರೆ ಬುಡ ಕೊಳೆಯುತ್ತದೆ. ಬರೀ ತೆಂಗಿನ ನಾರಿನ ಪುಡಿ ತುಂಬಿದ ಚೀಲಗಳನ್ನು ‘ರೆಡಿ ಮಣ್ಣು’ ಅಂತ ಮಾರುತ್ತಾರಲ್ವಾ, ಅದನ್ನು ಕೊಳ್ಳಬೇಡಿ. ಧಾರವಾಡದ ಜಿಟಿಜಿಟಿ ಮಳೆಗೆ ಅದು ನೀರು ಹೀರಿಕೊಂಡು ಕೂತರೆ ಸಸಿಗಳು ಬುಡದಲ್ಲೇ ಕರಗಿ ಮಲಗುತ್ತವೆ.

ಅಂಗಡಿ ಪಾಕೀಟಿನಲ್ಲಿ ಹೆಚ್ಚಾಗಿ ಸಿಗುವುದು ಗುಲಾಬಿಯಂತೆ ಎಸಳು ತುಂಬಿದ ತಳಿ. ನನ್ನ ಮಾತು ಕೇಳಿ, ಕಾಡಿನ ಒಂಟಿ ಎಸಳಿನದನ್ನೇ ಬೆಳೆಸಿ. ಅದರ ಹಿಂದೆ ಬಾಗಿದ ಸಣ್ಣ ಬಾಲದಲ್ಲಿ ಮಕರಂದ ಇರುತ್ತದೆ, ಜೇನ್ನೊಣ ಎಸಳುಗಳ ನಡುವೆ ಹೂವಿನ ಬಾಯಿ ಹುಡುಕುತ್ತಾ ಪರದಾಡಬೇಕಿಲ್ಲ.

ಎಲೆಯ ಮೇಲೆ ಬಾಲಕ್ಕೆ ಕೊಂಬಿರುವ ದಪ್ಪ ಹುಳು ಕಂಡರೆ ಔಷಧ ಹೊಡೆಯಬೇಡಿ, ಅದು ಪತಂಗದ ಮರಿ. ನಾಲ್ಕು ಎಲೆ ತಿಂದುಕೊಳ್ಳಲಿ. ಹಂಗಾಮಿನ ಕೊನೆಯ ಕಾಯಿಗಳನ್ನೂ ಬಿಡಿಸಬೇಡಿ. ತಾವೇ ಸಿಡಿದು ಬಿದ್ದರೆ ಮುಂದಿನ ಮಳೆಗೆ ಬಿತ್ತುವ ಕೆಲಸವೇ ಉಳಿಯುವುದಿಲ್ಲ.