ಗರಗರ ಅನ್ನುತ್ತಿದ್ದ ಹಳೆಯ ಸ್ಪೀಕರ್ ಸರಿಯಾದದ್ದು ಹೀಗೆ

ಕಾರವಾರದಲ್ಲೇ ಸೆಕೆಂಡ್ ಹ್ಯಾಂಡ್ ಸಿಕ್ಕ ಎಂಟಿಂಚಿನ ಸ್ಪೀಕರ್ ಜೋಡಿ. ಪೆಟ್ಟಿಗೆ ಗಟ್ಟಿಮುಟ್ಟಾಗಿತ್ತು, ಆದರೆ ಬಾಸ್ ಬಂದಾಗೆಲ್ಲ ಗರಗರ ಸದ್ದು. ಮುಂದಿನ ಬಟ್ಟೆ ತೆಗೆದರೆ ಕೋನ್ (ಅದುರಿ ಸದ್ದು ಹೊರಡಿಸುವ ಶಂಕು) ಸುತ್ತಲಿನ ಫೋಮ್ ಬೆರಳು ತಾಗಿದ ಕೂಡಲೇ ಪುಡಿಯಾಯಿತು. ಈ ಫೋಮ್ ಸುಮ್ನೆ ಇಟ್ಟರೂ ಹಾಳಾಗುತ್ತದೆ. ತೇವ ಇದ್ದರಂತೂ ಬೇಗ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಕೇಳಬೇಕೇ!

ಕೋನ್, ಅದನ್ನು ಅಲುಗಿಸುವ ತಂತಿಸುರುಳಿ ಅಂದರೆ ಕಾಯಿಲ್ ಚೆನ್ನಾಗಿದ್ದರೆ ದಯವಿಟ್ಟು ಸ್ಪೀಕರ್ ಬಿಸಾಡಬೇಡಿ. ಕಾಯಿಲ್ ಅಳೆದಾಗ ಮಲ್ಟಿಮೀಟರ್ 6 ಓಮ್ ಹತ್ತಿರ ತೋರಿಸಿತು. 8 ಓಮ್ ಸ್ಪೀಕರಿಗೆ ಅದು ಸರಿಯೇ. ಅಳತೆ ನೋಡಿ ಹೊಸ ಫೋಮ್ ತರಿಸಿದೆ. ರಬ್ಬರಿನದು ಜಾಸ್ತಿ ಬಾಳುತ್ತದೆ, ಆದರೆ ಅದರ ತೂಕ, ಬಿಗಿ ಬೇರೆ. ಮೂಲದ ಸ್ವರವೇ ಬದಲಾಗಬಹುದು, ಹಾಗಾಗಿ ನನಗೆ ಬೇಡವೆನಿಸಿತು.

ಹಳೆಯ ಗೋಂದನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ನೆನೆಸಿ ಕೆರೆದೆ. ಇಲ್ಲಿ ತಾಳ್ಮೆ ಬೇಕು, ಕೋನ್ ಕಾಗದದ್ದು ಅಲ್ವಾ? ಮೊದಲು ಫೋಮನ್ನು ಕೋನಿಗೆ ಅಂಟಿಸಿ ಒಣಗಲು ಬಿಟ್ಟೆ. ಆಮೇಲೆ ಫ್ರೇಮಿಗೆ. ಗೋಂದು ಹಸಿ ಇರುವಾಗಲೇ 30 ಹರ್ಟ್ಸ್ ಸ್ವರವನ್ನು ಸಣ್ಣದಾಗಿ ಹಾಕಿ, ಉಜ್ಜುವ ಸದ್ದು ನಿಲ್ಲುವವರೆಗೆ ಕೋನನ್ನು ಕೂದಲೆಳೆಯಷ್ಟು ಸರಿಸಿದೆ. ಇಡೀ ಕೆಲಸದ ಜೀವ ಇದೇ. ಕಾಯಿಲ್ ನಡುವೆ ಕೂರದಿದ್ದರೆ ಎಷ್ಟು ಚೆಂದ ಅಂಟಿಸಿದರೂ ಗರಗರ ಹೋಗುವುದಿಲ್ಲ.

ಕ್ರಾಸ್‌ಓವರಿನ (ತಗ್ಗು, ಎತ್ತರದ ಸ್ವರಗಳನ್ನು ಬೇರ್ಪಡಿಸುವ ಸರ್ಕ್ಯೂಟ್) ಹಳೆಯ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ತೆಗೆದು ಅಷ್ಟೇ ಮೈಕ್ರೋಫ್ಯಾರಡಿನ ಫಿಲ್ಮ್ ಕೆಪಾಸಿಟರ್ ಹಾಕಿದೆ. ಎತ್ತರದ ಸ್ವರದ ಚಿಕ್ಕ ಸ್ಪೀಕರ್, ಅಂದರೆ ಟ್ವೀಟರ್, ಸ್ವಲ್ಪ ಚುರುಕಾಯಿತು. ಕಿವಿಗೆ ಚುಚ್ಚಿದರೆ ಅರ್ಧ ಓಮ್ ರೆಸಿಸ್ಟರನ್ನು ಸರಣಿಯಲ್ಲಿ ಸೇರಿಸಬಹುದು. ಕೊನೆಗೆ 1.5 ವೋಲ್ಟ್ ಸೆಲ್ ಮುಟ್ಟಿಸಿ, ಎರಡೂ ಕೋನ್ ಒಂದೇ ದಿಕ್ಕಿಗೆ ಚಲಿಸುವುದನ್ನು ನೋಡಿಕೊಂಡು ತಂತಿ ಜೋಡಿಸಿದೆ.