ಫೋರ್ಕ್‌ಲಿಫ್ಟ್ ಓಡಾಡೋ ಶೆಡ್ಡಲ್ಲಿ ನಡ್ಕೊಂಡು ಹೋಗೋರಿಗೆ ಏಟಾಗ್ದಂಗೆ ನೋಡ್ಕೊಳ್ಳೋದು ಹೆಂಗೆ

ಹೊಸೂರಿನ ಸಿಪ್‌ಕಾಟ್, ಸಿಡ್ಕೋ ಇಂಡಸ್ಟ್ರಿಯಲ್ ಎಸ್ಟೇಟ್ ಕಡೆ ಸಣ್ಣ ಯೂನಿಟ್ ನಡೆಸೋರು, ಸ್ಟೋರ್ಸು ಡಿಸ್ಪ್ಯಾಚು ನೋಡ್ಕೊಳ್ಳೋರಿಗೆ ಅಂತ ಬರೀತಿದೀನಿ. ಮಾರ್ಚ್ 4ಕ್ಕೆ, ಅಂದ್ರೆ ರಾಷ್ಟ್ರೀಯ ಸುರಕ್ಷತಾ ದಿನ, ಬ್ಯಾಡ್ಜ್ ಚುಚ್ಕೊಂಡು ಸೇಫ್ಟಿ ಪ್ರತಿಜ್ಞೆ ಓದೋದು ಎಲ್ಲಾ ಕಡೆ ನಡೆಯುತ್ತೆ, ಬೇಡ ಅನ್ನಲ್ಲ, ಆದ್ರೆ 5ನೇ ತಾರೀಖು ಬೆಳಿಗ್ಗೆ ಅದೇ ಗ್ಯಾಂಗ್‌ವೇನಲ್ಲಿ (ಶೆಡ್ಡೊಳಗಿನ ಓಡಾಡೋ ದಾರಿ) ಅದೇ ಫೋರ್ಕ್‌ಲಿಫ್ಟ್, ಅಂದ್ರೆ ಮುಂದಿರೋ ಎರಡು ಕಬ್ಬಿಣದ ಫೋರ್ಕಿಂದ ಸರಕು ಎತ್ತೋ ಗಾಡಿ, ಪಕ್ಕದಲ್ಲೇ ಜನ ನುಗ್ತಿರ್ತಾರೆ.

ಮೊದಲು ಮಾಡ್ಬೇಕಾದ್ದು, ಮಧ್ಯಾಹ್ನ ಶಿಫ್ಟ್ ಬದಲಾಗೋ ಹೊತ್ತಿಗೆ ಒಂದು ಮೂಲೇಲಿ ಸುಮ್ನೆ ನಿಂತ್ಕೊಂಡು ಜನ ಎಲ್ಲಿಂದ ಎಲ್ಲಿಗೆ ಹೋಗ್ತಾರೆ ನೋಡೋದು. ಒಂದು ಹಾಳೇಲಿ ಶೆಡ್ಡಿನ ನಕ್ಷೆ ಬರ್ಕೊಂಡು ಗೀಟು ಎಳೀತಾ ಹೋಗಿ. ಪಂಚಿಂಗ್ ಮಿಷನ್ನು, ಕುಡಿಯೋ ನೀರು, ಕ್ಯಾಂಟೀನು, ಟಾಯ್ಲೆಟ್ಟು, ಥಳಿ ಕಡೆಗೋ ಬಾಗಲೂರು ಕಡೆಗೋ ಹೋಗೋ ಕಂಪನಿ ಬಸ್ಸು, ಎಲ್ಲಾ ಗೀಟು ಇವುಗಳ ಕಡೆಗೇ ಹೋಗುತ್ತೆ. ಈಗ ನೀರಿನ ಕ್ಯಾನು ಲೋಡಿಂಗ್ ಬೇ (ಲಾರಿಗೆ ಸರಕು ತುಂಬೋ ಜಾಗ) ಆಚೆ ಇದ್ರೆ ಪ್ರತಿಯೊಬ್ರೂ ದಿನಕ್ಕೆ ನಾಕೈದು ಸಲ ಗಾಡಿ ದಾರಿ ದಾಟಲೇಬೇಕು, ಅದನ್ನ ಈಚೆ ತಂದಿಟ್ರೆ ಅಷ್ಟೂ ದಾಟೋದು ತಪ್ಪುತ್ತೆ, ಖರ್ಚು ಒಂದು ರೂಪಾಯಿನೂ ಇಲ್ಲ. ನೆಲದ ಮೇಲೆ ದಾರಿ ಗೆರೆ ಎಳೆಯೋ ಹಳದಿ ಬಣ್ಣದ ಡಬ್ಬಿ ಆಮೇಲೆ ತೆಗೀರಿ.

ಬಣ್ಣದ ಮೇಲೆ ನಂಬಿಕೆ ಯಾಕೆ ಇಡ್ಬಾರ್ದು ಅಂದ್ರೆ, 3 ಟನ್ ಎತ್ತೋ ಫೋರ್ಕ್‌ಲಿಫ್ಟ್ ಖಾಲಿ ಇದ್ರೂ 4 ಟನ್ನಿಗಿಂತ ಜಾಸ್ತಿನೇ ತೂಗುತ್ತೆ, ಮುಂದೆ ಲೋಡ್ ಎತ್ತಿದಾಗ ಬಗ್ಗದಂಗೆ ಹಿಂದೆ ಕಬ್ಬಿಣದ ಕೌಂಟರ್‌ವೇಟ್ ಇಟ್ಟಿರ್ತಾರೆ. ಗಂಟೆಗೆ 10 ಕಿಲೋಮೀಟರ್ ಅಂದ್ರೆ ನಿಧಾನ ಅನ್ಸುತ್ತೆ, ಆದ್ರೆ ಸೆಕೆಂಡಿಗೆ ಹತ್ರತ್ರ 3 ಮೀಟರ್. ಆಪರೇಟರ್ ನೋಡಿ ಬ್ರೇಕ್ ಮೇಲೆ ಕಾಲಿಡೋದ್ರೊಳಗೆ ಗಾಡಿ ಅಷ್ಟು ಮುಂದೆ ಬಂದಿರುತ್ತೆ. ಇನ್ನೊಂದು, ಲೋಡ್ ಇದ್ದಾಗ ಜೋರಾಗಿ ಬ್ರೇಕ್ ಒತ್ತಿದ್ರೆ ಪ್ಯಾಲೆಟ್ (ಸರಕು ಪೇರಿಸೋ ಹಲಗೆ) ಮುಂದಕ್ಕೆ ಜಾರಿ ಅಡ್ಡ ಬಂದೋನ ಮೇಲೇ ಬೀಳ್ಬಹುದು, ಅದು ಗೊತ್ತಿರೋ ಆಪರೇಟರ್ ಒತ್ತೋಕೂ ಹಿಂದುಮುಂದು ನೋಡ್ತಾನೆ.

ಇನ್ನು ಹಿಂಬದಿ ವಿಷ್ಯ, ಹೊಸ ಹೆಲ್ಪರ್‌ಗಳಿಗೆ ಇದನ್ನ ಗಾಡಿ ಪಕ್ಕ ನಿಲ್ಲಿಸಿ ತೋರಿಸ್ಲೇಬೇಕು. ಫೋರ್ಕ್‌ಲಿಫ್ಟ್ ತಿರುಗೋದು ಹಿಂದಿನ ಚಕ್ರದಿಂದ. ಮುಂದೆ ಹೋಗ್ತಾ ಮುಖ ಎಡಕ್ಕೆ ತಿರುಗಿದ್ರೆ ಹಿಂಬದಿ ಬಲಕ್ಕೆ ಬೀಸುತ್ತೆ, ಅದೂ ಸರ್ರಂತ. ರ‍್ಯಾಕ್‌ಗೆ ಒರಗಿ ನಿಂತಿರೋನು ಗಾಡಿ ಆ ಕಡೆ ಹೋಗ್ತಿದೆ ಬಿಡು ಅಂತ ಫೋನ್ ನೋಡ್ತಿರ್ತಾನೆ, ಕೌಂಟರ್‌ವೇಟ್ ಬಂದು ಅವನನ್ನ ರ‍್ಯಾಕಿಗೇ ಒತ್ತುತ್ತೆ. ಗಾಡಿ ನಿಲ್ಲಿಸಿ ಇಂಜಿನ್ ಆಫ್ ಮಾಡಿ ಹೆಲ್ಪರನ್ನ ಆಪರೇಟರ್ ಸೀಟಲ್ಲಿ ಕೂರ್ಸಿ, ಹಿಂದೆ ಪಕ್ಕದಲ್ಲಿ ಒಬ್ರು ನಿಂತ್ಕೊಳ್ಳಿ, ಕಾಣ್ತೀನಾ ಅಂತ ಕೇಳಿ. ಎದುರಿಗೆ ಎತ್ತರದ ಬಿನ್ ಇಟ್ಟೂ ಕೇಳಿ. ಒಂದು ಗಂಟೆ ಕ್ಲಾಸಿಗಿಂತ ಇದು ಚೆನ್ನಾಗಿ ತಲೆಗೆ ಹತ್ತುತ್ತೆ.

ಹಂಗಾಗಿ ಜನ ನಡೆಯೋ ದಾರಿಗೆ ನೆಲಕ್ಕೆ ಬೋಲ್ಟ್ ಹಾಕಿದ ಪೈಪ್ ರೇಲಿಂಗ್ ಹಾಕ್ಸಿ, ಫ್ಯಾಬ್ರಿಕೇಶನ್ ಅಂಗಡಿಗೆ ನಮ್ಮ ಕಡೆ ಬರ ಇಲ್ಲ. ಗಾಡಿ ಹೋಗೋ ಶಟರ್‌ನಲ್ಲೇ ಜನನೂ ಹೋಗೋದು ಬೇಡ, ಪಕ್ಕದಲ್ಲಿ ಸಣ್ಣ ಬಾಗಿಲು ಇಡಿ, ಆ ಬಾಗಿಲು ತೆಗೆದ ತಕ್ಷಣ ಗ್ಯಾಂಗ್‌ವೇಗೆ ಕಾಲಿಡೋ ಹಂಗಿದ್ರೆ ಎದುರಿಗೆ ಅಡ್ಡ ಒಂದು ರೇಲ್ ಇರ್ಲಿ, ಪಕ್ಕಕ್ಕೆ ತಿರುಗಿ ನಡೆಯೋವಾಗ ಗಾಡಿ ಕಣ್ಣಿಗೆ ಬೀಳುತ್ತೆ. ಜಾಗನೇ ಇಲ್ಲ ಸಾರ್ ಅನ್ನೋರು ಟೈಮ್ ಬೇರೆ ಮಾಡಿ. ಶಿಫ್ಟ್ ಬದಲಾಗೋಕೆ 10 ನಿಮಿಷ ಮುಂಚೆ, ಆಮೇಲೆ 10 ನಿಮಿಷ ಗಾಡಿ ನಿಲ್ಲಿಸಿ, ಫೋರ್ಕ್ ನೆಲಕ್ಕಿಳಿಸಿ, ಬ್ರೇಕ್ ಹಾಕಿ, ಕೀ ತೆಗೀರಿ. ಡಿಸ್ಪ್ಯಾಚ್‌ನೋರು ಗಲಾಟೆ ಮಾಡ್ತಾರೆ, ಮಾಡ್ಲಿ.

ದಾಟಲೇಬೇಕಾದ ಜಾಗದಲ್ಲಿ ನಿಯಮ ಒಂದೇ: ನಡೆಯೋನು ನಿಲ್ಬೇಕು, ಆಪರೇಟರ್ ಗಾಡಿ ಪೂರ್ತಿ ನಿಲ್ಲಿಸಿ ಅವನನ್ನ ನೋಡಿ ಕೈ ತೋರಿಸ್ಬೇಕು, ಆಮೇಲೆ ದಾಟೋದು. ನಮ್ಮಲ್ಲಿ ತಮಿಳು, ತೆಲುಗು, ಕನ್ನಡ, ಒಡಿಶಾ ಬಿಹಾರದ ಹುಡುಗರ ಹಿಂದಿ, ಎಲ್ಲಾ ಒಂದೇ ಶೆಡ್ಡಲ್ಲಿ, ಕೂಗಿದ್ರೆ ಯಾರಿಗೆ ಕೂಗಿದ್ದು ಅಂತಾನೇ ತಿಳಿಯಲ್ಲ, ಕೈಸನ್ನೆ ಎಲ್ರಿಗೂ ಒಂದೇ ಇರ್ಲಿ, ಬೋರ್ಡಲ್ಲೂ ಚಿತ್ರ ದೊಡ್ಡದಾಗಿರ್ಲಿ. ಹಾರ್ನ್ ಬಗ್ಗೆ ನನ್ನ ಅಭಿಪ್ರಾಯ, ಹೋದಲ್ಲೆಲ್ಲಾ ಹೊಡೀತಾ ಇದ್ರೆ ಯಾರೂ ತಿರುಗಿ ನೋಡಲ್ಲ, ಮೂಲೆ, ಶಟರ್, ರ‍್ಯಾಕ್ ಕೊನೆ ಇಷ್ಟಕ್ಕೆ ಇಟ್ಕೊಳ್ಳಿ, ಮೂಲೇಲಿ ಉಬ್ಬುಗನ್ನಡಿ ಹಾಕಿ. ಬ್ಯಾಟರಿ ಗಾಡಿ ಆದ್ರೆ ಸದ್ದೇ ಬರಲ್ಲ, ತಗಡು ಒತ್ತೋ ಪ್ರೆಸ್ ಶಾಪಲ್ಲಿ ಕಿವಿಗೆ ಇಯರ್‌ಪ್ಲಗ್ ಬೇರೆ, ಅಲ್ಲಿ ಗಾಡಿಗಿಂತ ಮುಂಚೆ ನೆಲದ ಮೇಲೆ ಬೀಳೋ ನೀಲಿ ಲೈಟ್ ಹಾಕ್ಸೋದು ಒಳ್ಳೇದು.

ಆಪರೇಟರ್‌ಗೆ ಹೇಳೋದು ಜಾಸ್ತಿ ಇಲ್ಲ. ಓಡಿಸೋವಾಗ ಫೋರ್ಕ್ ನೆಲದಿಂದ 15 ಸೆಂಟಿಮೀಟರ್ ಒಳಗೆ, ಲೋಡ್ ಕಣ್ಣಿಗೆ ಅಡ್ಡ ಬಂದ್ರೆ ರಿವರ್ಸಲ್ಲಿ ಹೋಗೋದು, ಎತ್ತಿದ ಫೋರ್ಕ್ ಕೆಳಗೆ ಯಾರನ್ನೂ ಬಿಡೋದಿಲ್ಲ. ಟ್ಯೂಬ್‌ಲೈಟ್ ಬದಲಾಯಿಸೋಕೆ ಪ್ಯಾಲೆಟ್ ಮೇಲೆ ಮನುಷ್ಯನ್ನ ನಿಲ್ಲಿಸಿ ಎತ್ತೋ ಕಸುಬು ಇವತ್ತೇ ಬಂದ್ ಆಗ್ಲಿ.

ಎಲ್ರೂ ಮರೆಯೋದು ಲಾರಿಯೋರನ್ನ. ಡ್ರೈವರ್ ಕ್ಲೀನರ್ ಇಬ್ರೂ ರಾತ್ರಿಯೆಲ್ಲಾ ಗಾಡಿ ಓಡಿಸಿ ಬಂದಿರ್ತಾರೆ, ಹವಾಯಿ ಚಪ್ಲಿ, ಶೆಡ್ಡಿನ ನಿಯಮ ಒಂದೂ ಗೊತ್ತಿಲ್ಲ, ಬಿಲ್ಲಿಗೆ ಸಹಿ ಬೇಕು ಅಂತ ಸೀದಾ ಒಳಗೆ ಬರ್ತಾರೆ. ಗೇಟಲ್ಲೇ ಲಾರಿ ಕೀ ಇಸ್ಕೊಳ್ಳಿ, ಚಕ್ರಕ್ಕೆ ಅಡ್ಡಗಟ್ಟೆ ಕೊಡಿ, ಫ್ಯಾನು ಬೆಂಚು ಟೀ ಇರೋ ಒಂದು ಜಾಗ ಮಾಡಿ, ಬಿಲ್ಲು ಅಲ್ಲಿಗೇ ಹೋಗ್ಲಿ. ಬೈದು ಆಚೆ ಕಳ್ಸೋದಕ್ಕಿಂತ ಟೀ ಚೆನ್ನಾಗಿ ಕೆಲಸ ಮಾಡುತ್ತೆ.

ಕೂದಲೆಳೇಲಿ ತಪ್ಪಿದ ಅವಘಡಗಳನ್ನ ಬರೆಯೋಕೆ ಒಂದು ನೋಟ್‌ಬುಕ್ ಇಡಿ, ಆದ್ರೆ ಬರೆದಿದ್ದಕ್ಕೆ ಮೆಮೋ ಕೊಟ್ರೆ ಅವತ್ತಿಂದ ಪುಟ ಖಾಲಿ. ಖಾಲಿ ಇದ್ರೆ ವಾರಕ್ಕೊಮ್ಮೆ ನೀವೇ ಒಂದು ಸುತ್ತು ಬನ್ನಿ, ರ‍್ಯಾಕ್ ಕಾಲು, ಶಟರ್ ಕಂಬ ನೋಡಿ, ಎಲ್ಲಿ ಹೊಸದಾಗಿ ತಗ್ಗು ಬಿದ್ದಿದೆ, ಎಲ್ಲಿ ಬಣ್ಣ ಕಿತ್ತಿದೆ ಅಲ್ಲಿ ಗಾಡಿ ತಾಗಿದೆ ಅಂತ ಅರ್ಥ, ಮುಂದಿನ ರೇಲಿಂಗ್ ಅಲ್ಲೇ ಹಾಕ್ಸಿ.